ಶಾಪ ಮೊದಲೋ, ಪಾಪ ಮೊದಲೋ

ಬೇಲೂರಿನ ಚೆನ್ನಕೇಶವನ ಗರ್ಭಗುಡಿಯ ಬಾಗಿಲಲ್ಲಿ ಜಯ-ವಿಜಯರು ನಿಂತಿದ್ದಾರೆ. ಹೊಯ್ಸಳ ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಆ ಮೂರ್ತಿಯ ದರ್ಶನಕ್ಕೆ ಹೋಗುವವರೆಲ್ಲ ಈ ಇಬ್ಬರನ್ನು ದಾಟಿಯೇ ಮುಂದೆ ಸಾಗಬೇಕು. ವಿಷ್ಣುವಿನ ಗುಡಿ ಎಲ್ಲೇ ಇರಲಿ, ಬಾಗಿಲು ಕಾಯುವುದು ಇವರದೇ ಕೆಲಸ. ಪುರಾಣ ಕೇಳಿ ಬೆಳೆದವರಿಗೆ ಇವರ ಇನ್ನೊಂದು ಗುರುತೂ ಗೊತ್ತಿರುತ್ತದೆ: ಹಿರಣ್ಯಾಕ್ಷ-ಹಿರಣ್ಯಕಶಿಪು ಇವರೇ, ರಾವಣ-ಕುಂಭಕರ್ಣ ಇವರೇ, ಶಿಶುಪಾಲ-ದಂತವಕ್ತ್ರರೂ ಇವರೇ.

ಸೀತೆಯನ್ನು ಹೊತ್ತೊಯ್ದವನು ಮೂಲದಲ್ಲಿ ವೈಕುಂಠದ ಸೇವಕ ಎಂಬ ಈ ಮಾತು ಭಾರತದ ಭಕ್ತಿ ಪರಂಪರೆ ಕಟ್ಟಿದ ಅತ್ಯಂತ ಧೈರ್ಯದ ಕಲ್ಪನೆಗಳಲ್ಲಿ ಒಂದು. ಹರಿಕಥೆ, ಪ್ರವಚನ, ಟಿವಿ ಧಾರಾವಾಹಿ ಎಲ್ಲದರಲ್ಲೂ ಅದು ಬೇರೂರಿದೆ. ಕರಾವಳಿ, ಮಲೆನಾಡಿನ ತಾಳಮದ್ದಲೆಯಲ್ಲಿ ರಾವಣನ ಅರ್ಥ ಹೇಳುವವರು ಪೀಠಿಕೆಯಲ್ಲಿಯೋ ಸಾವಿನ ಹೊತ್ತಿನ ಮಾತಿನಲ್ಲಿಯೋ ಈ ನೆನಪನ್ನು ತಂದರೆ ಸಭೆ ಮೌನವಾಗಿ ಕಿವಿಗೊಡುತ್ತದೆ. ಖಳನನ್ನು ದ್ವೇಷಿಸಲು ಬಂದ ಕೇಳುಗನ ಕಣ್ಣಲ್ಲಿ ನೀರು ತರಿಸುವ ಶಕ್ತಿ ಈ ಕಥೆಗಿದೆ. ಅಷ್ಟು ಶಕ್ತಿಯುಳ್ಳ ವ್ಯಾಖ್ಯಾನ ಏನನ್ನು ಬೆಳಗಿಸುತ್ತದೆ, ಏನನ್ನು ಮರೆಮಾಡುತ್ತದೆ ಎಂದು ಕೇಳುವುದು ಅಗತ್ಯ.

ಕಥೆಯ ವಿಸ್ತಾರವಾದ ರೂಪ ಇರುವುದು ಭಾಗವತದ ಮೂರನೆಯ ಸ್ಕಂಧದಲ್ಲಿ. ಸನಕ, ಸನಂದನ, ಸನಾತನ, ಸನತ್ಕುಮಾರರು ಬ್ರಹ್ಮನ ಮಾನಸಪುತ್ರರು. ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯರು, ನೋಟಕ್ಕೆ ಐದು ವರ್ಷದ ಬೆತ್ತಲೆ ಮಕ್ಕಳು. ವೈಕುಂಠದ ಆರು ಬಾಗಿಲು ದಾಟಿ ಏಳನೆಯದಕ್ಕೆ ಬಂದಾಗ ಜಯ-ವಿಜಯರು ಬೆತ್ತ ಅಡ್ಡ ಹಿಡಿಯುತ್ತಾರೆ. ಭಯವೇ ಇಲ್ಲದ ಲೋಕದಲ್ಲಿ ಯಾರಿಂದ ಯಾರನ್ನು ಕಾಯುತ್ತಿದ್ದೀರಿ ಎಂಬ ಅರ್ಥದ ಪ್ರಶ್ನೆ ಕೇಳಿ ಮುನಿಗಳು ಶಾಪ ಕೊಡುತ್ತಾರೆ: ಒಳಗಿನವರು ಹೊರಗಿನವರು ಎಂದು ಭೇದ ಎಣಿಸುವ ನಿಮಗೆ ಕಾಮ ಕ್ರೋಧ ಲೋಭಗಳಿರುವ ಲೋಕವೇ ಸರಿ.

ಮುಂದಿನದು ಇನ್ನೂ ದೊಡ್ಡ ಮಾತು. ವಿಷ್ಣು ಲಕ್ಷ್ಮಿಯೊಡನೆ ನಡೆದೇ ಬಂದು ಸೇವಕರ ತಪ್ಪನ್ನು ತನ್ನ ಮೇಲೆ ಹಾಕಿಕೊಳ್ಳುತ್ತಾನೆ. ಆಳು ತಪ್ಪಿದರೆ ಒಡೆಯನ ಹೆಸರೇ ಕೆಡುವುದು ಎಂದು ಮುನಿಗಳ ಕ್ಷಮೆ ಬೇಡುತ್ತಾನೆ. ಆ ವಿನಯಕ್ಕೆ ಮುನಿಗಳೇ ನಾಚಿ, ನಾವು ಅವಸರಪಟ್ಟಿದ್ದರೆ ನಮಗೇ ಶಿಕ್ಷೆ ಕೊಡು ಎನ್ನುತ್ತಾರೆ. ಆಗ ವಿಷ್ಣು, ಈ ಶಾಪ ತನ್ನ ಸಂಕಲ್ಪವೇ ಎನ್ನುತ್ತಾನೆ. ಬಾಗಿಲು ಕಾಯುವ ಸಣ್ಣ ಅಧಿಕಾರ ತಲೆಗೇರಿದಾಗ ಏನಾಗುತ್ತದೆಂಬುದಕ್ಕೆ ಇಷ್ಟು ನಿಖರವಾದ ಚಿತ್ರ ಪುರಾಣಗಳಲ್ಲಿ ವಿರಳ. ಅಸುರತನ ಹುಟ್ಟುವುದು ಪಾತಾಳದಲ್ಲಿ ಎಂದುಕೊಂಡವರಿಗೆ ಭಾಗವತ ಅದರ ಹುಟ್ಟನ್ನು ದೇವರ ಹೊಸ್ತಿಲಲ್ಲೇ ತೋರಿಸುತ್ತದೆ. ಕಥೆಯ ನಿಜವಾದ ಆಧ್ಯಾತ್ಮಿಕ ತೂಕ ಇರುವುದು ಈ ಭಾಗದಲ್ಲಿ.

ಆದರೆ ಬಹಳಷ್ಟು ಪ್ರವಚನಗಳಲ್ಲಿ ಎದ್ದು ಕೇಳುವುದು ಬೇರೆಯೇ ಪ್ರಸಂಗ. ಏಳು ಜನ್ಮ ಭಕ್ತರಾಗಿ ಹುಟ್ಟುವಿರೋ, ಮೂರು ಜನ್ಮ ಶತ್ರುಗಳಾಗಿ ಹುಟ್ಟುವಿರೋ ಎಂದು ವಿಷ್ಣು ಆಯ್ಕೆ ಕೊಟ್ಟನಂತೆ. ಬೇಗ ಮರಳುವ ಆಸೆಯಿಂದ ಅವರು ಶತ್ರುತ್ವವನ್ನೇ ಬೇಡಿದರಂತೆ. ಭಾಗವತದ ಮೂರನೆಯ ಸ್ಕಂಧದಲ್ಲಿ ಇಂಥ ಆಯ್ಕೆಯೇ ಇಲ್ಲ. ಕ್ರೋಧದಿಂದಲೇ ಏಕಾಗ್ರರಾಗಿ ಬೇಗ ನನ್ನ ಬಳಿಗೆ ಬರುವಿರಿ ಎಂಬ ಅಭಯವಷ್ಟೇ ಅಲ್ಲಿದೆ. ಮೂರು ಜನ್ಮದ ಲೆಕ್ಕ ಏಳನೆಯ ಸ್ಕಂಧದಲ್ಲಿ, ಕನಿಕರಗೊಂಡ ಮುನಿಗಳ ಮಾತಾಗಿ ಬರುತ್ತದೆ. ಈ ವ್ಯತ್ಯಾಸ ಚಿಕ್ಕದಲ್ಲ. ಆಯ್ಕೆಯ ಕಥೆ ಸೇರಿದ ಕೂಡಲೆ ರಾವಣನ ಬಾಳೆಲ್ಲ ಮೊದಲೇ ಒಪ್ಪಿ ಸಹಿ ಹಾಕಿದ ನಾಟಕವಾಗುತ್ತದೆ. ಅವನ ಒಂದೊಂದು ಕೃತ್ಯವೂ ಊರು ತಲುಪಲು ಹಿಡಿದ ಅಡ್ಡದಾರಿಯಾಗುತ್ತದೆ.

ವಾಲ್ಮೀಕಿಯ ರಾಮಾಯಣದಲ್ಲಿ ಜಯ-ವಿಜಯರ ಸುಳಿವೇ ಇಲ್ಲ ಎಂಬುದು ಹಲವರಿಗೆ ಅಚ್ಚರಿ ತರಬಹುದು. ರಾವಣನ ಹುಟ್ಟನ್ನು ಹೇಳುವುದು ಉತ್ತರಕಾಂಡ. ಅದು ಆಮೇಲೆ ಸೇರಿದ ಭಾಗ ಎಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಅಲ್ಲಿ ಅಗಸ್ತ್ಯ ಪಟ್ಟವೇರಿದ ರಾಮನಿಗೆ ಹೇಳುವ ಕಥೆಯಲ್ಲಿ ವೈಕುಂಠದ ಬಾಗಿಲು ಕಾಣುವುದಿಲ್ಲ. ಇರುವುದು ಒಂದು ಸಂಸಾರದ ಕಥೆ. ಲಂಕೆ ಕಳೆದುಕೊಂಡ ಸುಮಾಲಿ ಮಗಳು ಕೈಕಸಿಯನ್ನು ಪುಲಸ್ತ್ಯನ ಮಗ ವಿಶ್ರವಸನ ಬಳಿಗೆ ಕಳಿಸುತ್ತಾನೆ. ಅವಳು ಬಂದದ್ದು ಅಗ್ನಿಹೋತ್ರದ ಮುಸ್ಸಂಜೆಯಲ್ಲಿ. ಹೊತ್ತಲ್ಲದ ಹೊತ್ತಿನಲ್ಲಿ ಬಂದೆ, ಕ್ರೂರರಾದ ಮಕ್ಕಳನ್ನು ಹೆರುವೆ ಎನ್ನುತ್ತಾನೆ ಋಷಿ. ಅವಳು ಅಂಗಲಾಚಿದ ಮೇಲೆ ಕೊನೆಯವನೊಬ್ಬ ಧರ್ಮಾತ್ಮನಾಗುವ ವರ ಸಿಗುತ್ತದೆ. ಅವನೇ ವಿಭೀಷಣ. ಮುಂದೊಂದು ದಿನ ಪುಷ್ಪಕವೇರಿ ತಂದೆಯನ್ನು ಕಾಣಲು ಬಂದ ಕುಬೇರನನ್ನು ತೋರಿಸಿ ಕೈಕಸಿ ಮಗನಿಗೆ, ಅಣ್ಣನನ್ನು ನೋಡು, ನಿನ್ನನ್ನು ನೋಡು, ನೀನೂ ಹಾಗಾಗು ಎಂದು ಚುಚ್ಚುತ್ತಾಳೆ. ಆ ಹೊಟ್ಟೆಕಿಚ್ಚಿನಲ್ಲೇ ದಶಗ್ರೀವ ತಮ್ಮಂದಿರೊಡನೆ ಗೋಕರ್ಣಕ್ಕೆ ತಪಸ್ಸಿಗೆ ಹೊರಡುತ್ತಾನೆ. ಆತ್ಮಲಿಂಗದ ಸ್ಥಳಪುರಾಣದಿಂದ ಕನ್ನಡಿಗರಿಗೆ ಆಪ್ತವಾದ ಗೋಕರ್ಣ ರಾವಣನ ಬಾಳಿನಲ್ಲಿ ಮೊದಲು ಬರುವುದೇ ಹೀಗೆ.

ದಾಯಾದಿ ಮತ್ಸರ, ಕಳೆದ ಆಸ್ತಿಯ ಹಂಬಲ, ತಾಯಿಯ ಹೋಲಿಕೆಯ ಮಾತು. ಖಳನ ಹುಟ್ಟಿಗೆ ಇಷ್ಟು ಮಾನುಷವಾದ ಕಾರಣಗಳನ್ನು ಕೊಟ್ಟ ಕವಿಯ ಕಣ್ಣು ದೊಡ್ಡದು. ಒಂದು ಕಡೆ ಮಾತ್ರ ಅವನನ್ನೂ ಪ್ರಶ್ನಿಸಬೇಕು. ಭಾಗವತದಲ್ಲಿ ದಿತಿ ಮುಸ್ಸಂಜೆಯಲ್ಲಿ ಕಶ್ಯಪನನ್ನು ಬಯಸಿದ್ದಕ್ಕೆ ಹಿರಣ್ಯಾಕ್ಷ-ಹಿರಣ್ಯಕಶಿಪುಗಳು ಹುಟ್ಟುತ್ತಾರೆ. ಇಲ್ಲಿ ಕೈಕಸಿಯ ಮುಸ್ಸಂಜೆಗೆ ರಾವಣ-ಕುಂಭಕರ್ಣರು. ಎರಡೂ ಕಡೆ ಹೊತ್ತು ತಪ್ಪಿದವಳು ತಾಯಿ, ಒಪ್ಪಿದ ತಂದೆ ಋಷಿಯಾಗಿಯೇ ಉಳಿಯುತ್ತಾನೆ. ಮಗನ ಕೇಡಿಗೆ ತಾಯ ಬಯಕೆಯೇ ಬೀಜ ಎನ್ನುವ ಈ ಹಳೆಯ ಅನ್ಯಾಯವನ್ನು ಇಂದಿನ ಪ್ರವಚನಕಾರರು ಹಾಗೆಯೇ ಮುಂದೆ ದಾಟಿಸುವುದು ಸರಿಯಲ್ಲ.

ಉತ್ತರಕಾಂಡದಲ್ಲಿ ಶಾಪಗಳೂ ಸಾಲಾಗಿ ಬರುತ್ತವೆ. ಆದರೆ ಅವುಗಳ ದಿಕ್ಕೇ ಬೇರೆ. ವಿಷ್ಣುವನ್ನೇ ಪತಿಯಾಗಿ ಪಡೆಯಲು ತಪಸ್ಸಿಗೆ ಕೂತಿದ್ದ ವೇದವತಿಯ ಮುಡಿಗೆ ರಾವಣ ಕೈಹಾಕುತ್ತಾನೆ. ಅವಳು ಅವನು ಮುಟ್ಟಿದ ಕೂದಲನ್ನು ಕತ್ತರಿಸಿ, ನಿನ್ನ ನಾಶಕ್ಕೆ ಮತ್ತೆ ಹುಟ್ಟುವೆ ಎಂದು ಬೆಂಕಿಗೆ ಬೀಳುತ್ತಾಳೆ. ಸೀತೆಯಾಗಿ ಬಂದವಳು ಅವಳೇ. ಕುಬೇರನ ಮಗ ನಳಕೂಬರನ ಬಳಿಗೆ ಹೊರಟಿದ್ದ ರಂಭೆ, ನಾನು ನಿನ್ನ ಸೊಸೆಗೆ ಸಮಾನಳು ಎಂದು ಕೈಮುಗಿದರೂ ರಾವಣ ಬಿಡುವುದಿಲ್ಲ. ಒಪ್ಪದ ಹೆಣ್ಣನ್ನು ಮುಟ್ಟಿದರೆ ನಿನ್ನ ತಲೆ ಏಳು ಹೋಳಾಗಲಿ ಎಂದು ನಳಕೂಬರ ಶಪಿಸುತ್ತಾನೆ. ಕಪಿಮುಖ ಕಂಡು ನಕ್ಕದ್ದಕ್ಕೆ ನಂದಿಯ ಶಾಪ. ಕೊಲೆಯಾಗಿ ಬೀಳುವಾಗ ಇಕ್ಷ್ವಾಕು ವಂಶದ ಅನರಣ್ಯನ ಶಾಪ. ಯುದ್ಧಕಾಂಡದಲ್ಲಿ ರಾವಣನೇ ಬಾಯಿಬಿಟ್ಟು ಹೇಳುವ ಇನ್ನೊಂದಿದೆ: ಅಪ್ಸರೆ ಪುಂಜಿಕಸ್ಥಲೆಯ ಮೇಲೆ ಎಸಗಿದ ಬಲಾತ್ಕಾರಕ್ಕೆ ಬ್ರಹ್ಮ ಕೊಟ್ಟದ್ದು.

ಈ ಎಲ್ಲ ಶಾಪಗಳೂ ಪಾಪದ ಹಿಂದೆ ಬಂದವು. ವೈಕುಂಠದ ಶಾಪವೊಂದೇ ಪಾಪದ ಮುಂದೆ ನಿಲ್ಲುವುದು. ಎರಡು ವ್ಯಾಖ್ಯಾನಗಳ ನಡುವಿನ ಅಂತರವೆಲ್ಲ ಇಷ್ಟರಲ್ಲಿದೆ. ಶಾಪ ಮುಂದಾದರೆ ವೇದವತಿ, ರಂಭೆ, ಪುಂಜಿಕಸ್ಥಲೆ ಒಬ್ಬ ದೇವಸೇವಕನ ಮರುಪಯಣದಲ್ಲಿ ಸಿಕ್ಕ ಮೆಟ್ಟಿಲುಗಳಾಗುತ್ತಾರೆ. ಶಾಪ ಹಿಂದಾದರೆ ಅವರ ನೋವೇ ಕಥೆಯನ್ನು ನಡೆಸುವ ಬಲವಾಗುತ್ತದೆ, ರಾವಣನನ್ನು ಕೊಲ್ಲುವ ಬಾಣದ ಹಿಂದೆ ಅವರ ಕಣ್ಣೀರಿರುತ್ತದೆ. ಜನಪ್ರಿಯ ಪ್ರವಚನ ಮೊದಲನೆಯದನ್ನು ಇಷ್ಟಪಟ್ಟಷ್ಟು ಎರಡನೆಯದನ್ನು ಇಷ್ಟಪಟ್ಟಿಲ್ಲ.

ಹಾಗೆಂದು ಪರಂಪರೆ ಈ ತೊಡಕನ್ನು ಕಾಣದೇ ಹೋಯಿತೆನ್ನುವುದು ತಪ್ಪಾದೀತು. ವಿಷ್ಣುಪುರಾಣದ ನಾಲ್ಕನೆಯ ಅಂಶದಲ್ಲಿ ಮೈತ್ರೇಯ ಪರಾಶರನನ್ನು ನೇರವಾಗಿ ಕೇಳುತ್ತಾನೆ: ಹಿರಣ್ಯಕಶಿಪುವಾಗಿ, ರಾವಣನಾಗಿ ವಿಷ್ಣುವಿನ ಕೈಯಲ್ಲೇ ಸತ್ತರೂ ಸಿಗದ ಮುಕ್ತಿ ಶಿಶುಪಾಲನಾದಾಗ ಮಾತ್ರ ಹೇಗೆ ಸಿಕ್ಕಿತು? ಪರಾಶರನ ಉತ್ತರದಲ್ಲಿ ದ್ವಾರಪಾಲಕರ ಕಥೆಯಿಲ್ಲ. ಹಿರಣ್ಯಕಶಿಪುವಿಗೆ ಎದುರಿಗಿದ್ದದ್ದು ವಿಷ್ಣು ಎಂಬ ಅರಿವೇ ಇರಲಿಲ್ಲ. ರಾವಣನ ಮನಸ್ಸು ಸಾಯುವಾಗಲೂ ಜಾನಕಿಯಲ್ಲಿ ಸಿಕ್ಕಿಕೊಂಡಿತ್ತು, ರಾಮ ಅವನ ಪಾಲಿಗೆ ಬರಿಯ ಮನುಷ್ಯ. ಶಿಶುಪಾಲನಾದರೋ ಉಣ್ಣುವಾಗ, ಮಲಗುವಾಗ, ಬೈಯುವಾಗ ಎಲ್ಲ ಹೊತ್ತಿನಲ್ಲೂ ಕೃಷ್ಣನ ಹೆಸರನ್ನೇ ಹಿಡಿದಿದ್ದ. ಸಾಯುವ ಹೊತ್ತಿನ ನೆನಹು ಮುಂದಿನ ಗತಿಯನ್ನು ನಿರ್ಧರಿಸುತ್ತದೆ ಎಂಬ ಗೀತೆಯ ಎಂಟನೆಯ ಅಧ್ಯಾಯದ ತತ್ತ್ವವೇ ಇಲ್ಲೂ ಕೆಲಸ ಮಾಡಿದೆ.

ಈ ಉತ್ತರದ ಕಟ್ಟುನಿಟ್ಟು ಮೆಚ್ಚುವಂಥದು. ದೇವರ ಬಾಣ ತಗುಲಿದ ಮಾತ್ರಕ್ಕೆ ರಾವಣ ಪಾರಾಗಲಿಲ್ಲ. ಅವನ ಮನಸ್ಸು ಎಲ್ಲಿತ್ತೋ ಅಲ್ಲಿಗೇ ಅವನು ಹೋದ. ಭಾಗವತದ ಏಳನೆಯ ಸ್ಕಂಧದಲ್ಲಿ ನಾರದ ಇದನ್ನು ಇನ್ನೂ ಬೆಳೆಸುತ್ತಾನೆ. ರಾಜಸೂಯದಲ್ಲಿ ಶಿಶುಪಾಲನ ಜ್ಯೋತಿ ಕೃಷ್ಣನಲ್ಲಿ ಸೇರಿದ್ದನ್ನು ಕಂಡು ಯುಧಿಷ್ಠಿರನಿಗೆ ದಿಗಿಲು: ದೇವರನ್ನು ಜರೆದ ವೇನ ನರಕಕ್ಕೆ ಬಿದ್ದ, ಇವನಿಗೆ ಹೇಗೆ ಈ ಪದವಿ? ಕಾಮದಿಂದ ಗೋಪಿಯರು, ಭಯದಿಂದ ಕಂಸ, ದ್ವೇಷದಿಂದ ಶಿಶುಪಾಲಾದಿಗಳು, ನಂಟಿನಿಂದ ವೃಷ್ಣಿಗಳು, ಸ್ನೇಹದಿಂದ ಪಾಂಡವರು, ಭಕ್ತಿಯಿಂದ ತನ್ನಂಥವರು ಅವನನ್ನು ಸೇರಿದರು, ವೇನ ಯಾವುದರಲ್ಲೂ ಮನಸ್ಸು ನೆಡಲಿಲ್ಲ ಎಂಬುದು ನಾರದನ ಸಮಾಧಾನ. ಕಣಜ ಗೂಡಿಗೆ ತಂದಿಟ್ಟ ಹುಳು ಹೆದರಿಕೆಯಿಂದ ಕಣಜವನ್ನೇ ನೆನೆದು ಕಣಜವಾಗುವ ದೃಷ್ಟಾಂತವೂ ಅಲ್ಲೇ ಬರುತ್ತದೆ. ದ್ವೇಷಭಕ್ತಿ ಎಂದು ಜನ ಕರೆಯುವ ವಿಚಾರದ ಬೇರು ಇದು.

ಅಧ್ಯಾತ್ಮ ರಾಮಾಯಣ ಈ ಬೇರನ್ನು ರಾವಣನವರೆಗೆ ಚಾಚಿತು. ಅಲ್ಲಿ ರಾವಣ ರಾಮನ ಕೈಯ ಸಾವನ್ನು ಬಯಸಿಯೇ ವೈರ ಕಟ್ಟುತ್ತಾನೆ, ಸತ್ತಾಗ ಅವನ ಜ್ಯೋತಿ ರಾಮನಲ್ಲಿ ಸೇರುತ್ತದೆ. ವಿಷ್ಣುಪುರಾಣ ನಿರಾಕರಿಸಿದ್ದನ್ನು ಅಧ್ಯಾತ್ಮ ರಾಮಾಯಣ ಕೊಟ್ಟುಬಿಟ್ಟಿತು. ಭಕ್ತಿಯ ಉದಾರತೆ ಇಲ್ಲಿ ಹೆಚ್ಚಿದೆ, ನಿಜ. ಆದರೆ ಸೀತೆಯ ಅಪಹರಣವೇ ಮೋಕ್ಷದ ಯೋಜನೆಯ ಭಾಗವಾದಾಗ ಅಶೋಕವನದ ಅವಳ ದುಃಖಕ್ಕೆ ಉಳಿಯುವ ಬೆಲೆಯೇನು? ಅಪಹೃತಳಾದವಳು ಮಾಯಾಸೀತೆ ಎಂದು ಅದೇ ಗ್ರಂಥ ಹೇಳಬೇಕಾಗಿ ಬಂದದ್ದು ಈ ಇಕ್ಕಟ್ಟನ್ನು ತೋರಿಸುತ್ತದೆ. ನಿಜವಾದ ಸೀತೆಗೆ ನೋವೇ ಆಗದಂತೆ ಮಾಡಿದರೆ ಮಾತ್ರ ಅವಳನ್ನು ನೋಯಿಸಿದವನನ್ನು ಭಕ್ತನನ್ನಾಗಿ ಮಾಡಬಹುದು.

ತುಳಸೀದಾಸರು ಒಂದು ಕಾರಣಕ್ಕೆ ನಿಲ್ಲಲೇ ಇಲ್ಲ. ರಾಮಚರಿತಮಾನಸದ ಬಾಲಕಾಂಡದಲ್ಲಿ ರಾವಣನ ಹಿಂದಿನ ಜನ್ಮಕ್ಕೆ ಬೇರೆ ಬೇರೆ ಕಲ್ಪಗಳ ನಾಲ್ಕು ಕಥೆಗಳಿವೆ: ಜಯ-ವಿಜಯ, ಜಲಂಧರ, ನಾರದನ ಶಾಪಕ್ಕೆ ಸಿಕ್ಕ ಇಬ್ಬರು ಶಿವಗಣರು, ಮತ್ತು ಪ್ರತಾಪಭಾನು. ಕೊನೆಯದು ಎದೆ ಹಿಂಡುತ್ತದೆ. ಧರ್ಮದಿಂದ ಆಳುತ್ತಿದ್ದ ಪ್ರತಾಪಭಾನು ಕಪಟಮುನಿಯೊಬ್ಬನ ಬಲೆಗೆ ಬಿದ್ದು, ತನಗೇ ತಿಳಿಯದಂತೆ ಬ್ರಾಹ್ಮಣರ ಊಟ ಕೆಡಿಸಿದ ಅಪವಾದ ಹೊತ್ತು, ಪರಿವಾರ ಸಮೇತ ರಾಕ್ಷಸನಾಗುವ ಶಾಪ ಪಡೆಯುತ್ತಾನೆ. ಅವನು ರಾವಣ, ತಮ್ಮ ಅರಿಮರ್ದನ ಕುಂಭಕರ್ಣ, ಮಂತ್ರಿ ಧರ್ಮರುಚಿ ವಿಭೀಷಣ. ಜರಾಮರಣವಿಲ್ಲದ, ಎದುರಾಳಿಯಿಲ್ಲದ ಆಳ್ವಿಕೆ ಬೇಕೆಂಬ ಅವನ ಒಳಗಿನ ಆಸೆಯೇ ಕಪಟಮುನಿಗೆ ದಾರಿ ಮಾಡಿಕೊಟ್ಟಿತೆಂಬುದನ್ನು ಕವಿ ಮರೆಮಾಚಿಲ್ಲ. ಒಳ್ಳೆಯ ದೊರೆಯ ಎದೆಯಲ್ಲೂ ರಾವಣನಾಗುವ ಎಡೆಯಿರುತ್ತದೆ ಎನ್ನುವ ಈ ಕಥೆ ಜಯ-ವಿಜಯರ ಕಥೆಯಷ್ಟು ಪ್ರಚಾರ ಪಡೆಯದಿರುವುದು ನಷ್ಟವೇ.

ದ್ವೇಷವೂ ಭಕ್ತಿಯೇ ಎಂಬ ಮಾತಿಗೆ ಎಲ್ಲಕ್ಕಿಂತ ಗಟ್ಟಿಯಾದ ತಡೆ ಎದ್ದದ್ದು ಉಡುಪಿಯಿಂದ. ಹದಿಮೂರನೆಯ ಶತಮಾನದ ಮಧ್ವಾಚಾರ್ಯರು ದೇವರನ್ನು ದ್ವೇಷಿಸಿ ಮೋಕ್ಷ ಪಡೆಯಬಹುದೆಂಬುದನ್ನು ಒಪ್ಪಲಿಲ್ಲ. ಅವರ ಪ್ರಕಾರ ಶಿಶುಪಾಲನಂಥವರ ಒಂದೇ ದೇಹದಲ್ಲಿ ಇಬ್ಬರು ಜೀವರಿದ್ದಾರೆ: ಶಾಪದಿಂದ ಬಂದ ವಿಷ್ಣುಭಕ್ತ ಒಬ್ಬ, ಸ್ವಭಾವದಿಂದಲೇ ದ್ವೇಷಿಯಾದ ಅಸುರ ಇನ್ನೊಬ್ಬ. ಕೊಲೆಯಾದ ಮೇಲೆ ಭಕ್ತ ದೇವರ ಬಳಿಗೆ, ಅಸುರ ಅಂಧಂತಮಸ್ಸಿಗೆ. ಭಾಗವತದ ಕಥೆಯನ್ನೂ ಬಿಡದೆ, ದ್ವೇಷಕ್ಕೆ ಬಹುಮಾನವನ್ನೂ ಕೊಡದೆ ಬಿಡಿಸಿದ ಈ ಗಂಟು ತರ್ಕದ ದೃಷ್ಟಿಯಿಂದ ಬಹಳ ಚೊಕ್ಕ. ಪಾಪ ಪಾಪವಾಗಿಯೇ ಉಳಿಯುತ್ತದೆ, ಅದನ್ನು ಯಾವ ಹಿನ್ನೆಲೆಯೂ ತೊಳೆಯುವುದಿಲ್ಲ. ಆದರೆ ಇದಕ್ಕೆ ತೆತ್ತ ಬೆಲೆಯೂ ದೊಡ್ಡದು. ಜೀವಸ್ವಭಾವ ಅನಾದಿ, ಅಂಧಂತಮಸ್ಸಿಗೆ ತಕ್ಕವನಾದ ತಮೋಯೋಗ್ಯ ಎಂದೂ ತಮೋಯೋಗ್ಯನೇ ಎನ್ನುವಲ್ಲಿ ಕೆಟ್ಟವನು ತಿದ್ದಿಕೊಳ್ಳುವ ದಾರಿ ಮುಚ್ಚುತ್ತದೆ. ಒಬ್ಬನೇ ರಾವಣನೊಳಗೆ ಒಳಿತು ಕೆಡುಕು ಹೊಡೆದಾಡುವ ದೃಶ್ಯ ಕಾವ್ಯಕ್ಕೆ ಸಿಗುವುದಿಲ್ಲ; ಎರಡು ಜೀವಗಳು ಒಂದೇ ಮನೆಯಲ್ಲಿ ಬಾಡಿಗೆಗಿದ್ದು ಬೇರೆಯಾದಂತಾಗುತ್ತದೆ.

ಹತ್ತು ತಲೆಗಳ ಸಾಂಕೇತಿಕ ಅರ್ಥಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನಾಲ್ಕು ವೇದ, ಆರು ಶಾಸ್ತ್ರ ಎಂದು ಕೆಲವರು. ಅರಿಷಡ್ವರ್ಗದ ಜೊತೆಗೆ ಮನಸ್ಸು, ಬುದ್ಧಿ, ಚಿತ್ತ, ಅಹಂಕಾರ ಎಂದು ಇನ್ನು ಕೆಲವರು. ಒಂದೇ ತಲೆಗಳು ಜ್ಞಾನವೂ ಆಗಿ ದೋಷವೂ ಆಗಬಲ್ಲವಾದರೆ ಆ ವ್ಯಾಖ್ಯಾನ ರಾವಣನ ಬಗ್ಗೆ ಏನನ್ನೂ ಹೇಳಿದಂತಾಗಲಿಲ್ಲ. ರಾವಣ ರಜಸ್ಸು, ಕುಂಭಕರ್ಣ ತಮಸ್ಸು, ವಿಭೀಷಣ ಸತ್ತ್ವ ಎಂಬ ಹಂಚಿಕೆ ಇದಕ್ಕಿಂತ ವಾಸಿ. ಆದರೂ ಅಣ್ಣನ ತಪ್ಪನ್ನು ಮುಖಕ್ಕೇ ಹೇಳಿ, ಆಮೇಲೆ ಅವನಿಗಾಗಿಯೇ ಪ್ರಾಣ ಕೊಡುವ ಕುಂಭಕರ್ಣ ಬರಿಯ ತಮಸ್ಸಿನ ಮುದ್ದೆಯೇ?

ಕನ್ನಡ ಕಾವ್ಯ ಈ ವಿಷಯದಲ್ಲಿ ಹಿಡಿದ ದಾರಿ ಬೇರೆ, ಮತ್ತು ಅದನ್ನು ಹೆಮ್ಮೆಯಿಂದಲೇ ಹೇಳಬೇಕು. ಅಭಿನವಪಂಪನೆಂದು ಹೆಸರಾದ ನಾಗಚಂದ್ರ ರಾಮಚಂದ್ರಚರಿತಪುರಾಣವನ್ನು ಬರೆದದ್ದು ವಿಮಲಸೂರಿಯ ಜೈನ ಪರಂಪರೆಯಲ್ಲಿ. ಅಲ್ಲಿ ರಾವಣ ರಾಕ್ಷಸನಲ್ಲ, ವಿದ್ಯಾಧರ. ವಾಲ್ಮೀಕಿಯ ರಾವಣ ಸೀತೆಯನ್ನು ಬಲದಿಂದ ಮುಟ್ಟದಿರುವುದು ತಲೆ ಸಿಡಿದೀತೆಂಬ ಶಾಪದ ಭಯಕ್ಕೆ. ನಾಗಚಂದ್ರನ ರಾವಣ ಮುಟ್ಟದಿರುವುದು ಒಲ್ಲದ ಹೆಣ್ಣನ್ನು ಮುಟ್ಟೆನೆಂದು ತಾನೇ ತೊಟ್ಟ ವ್ರತಕ್ಕೆ. ಶಾಪವನ್ನು ತೆಗೆದು ವ್ರತವನ್ನಿಟ್ಟ ಈ ಒಂದು ಬದಲಾವಣೆಯಿಂದ ಇಡೀ ಪಾತ್ರ ಎದ್ದು ನಿಂತಿತು. ವ್ರತ ತೊಟ್ಟವನು ಜಾರಿದಾಗ ಅದು ಅವನದೇ ಜಾರಿಕೆ, ಸೀತೆಯ ಸಂಕಟ ಕಂಡು ಪಶ್ಚಾತ್ತಾಪಪಟ್ಟರೆ ಅದೂ ಅವನದೇ ಗಳಿಕೆ. ಗೆದ್ದ ಮೇಲೆ ಸೀತೆಯನ್ನು ಒಪ್ಪಿಸುವೆ, ಈಗಲೇ ಒಪ್ಪಿಸಿದರೆ ಹೇಡಿ ಎಂದಾರು ಎಂಬ ಅಭಿಮಾನ ಅವನನ್ನು ಯುದ್ಧಕ್ಕೆ ತಳ್ಳುತ್ತದೆ. ಬಿ.ಎಂ.ಶ್ರೀ. ಅವನಲ್ಲಿ ದುರಂತನಾಯಕನನ್ನು ಕಂಡದ್ದು ಇದಕ್ಕೇ. ಜೈನ ಪರಂಪರೆ ಅವನಿಗೆ ಕ್ಷಮೆಯ ಅಗ್ಗದ ದಾರಿಯನ್ನೂ ತೋರಿಸಲಿಲ್ಲ: ಅವನು ನರಕಕ್ಕೆ ಹೋಗುತ್ತಾನೆ, ಕರ್ಮ ಸವೆದು ಹಲವು ಜನ್ಮಗಳ ಮೇಲೆ ತೀರ್ಥಂಕರನೂ ಆಗುತ್ತಾನೆ. ಅವನನ್ನು ಕೊಂದ ಲಕ್ಷ್ಮಣನಿಗೂ ನರಕ ತಪ್ಪುವುದಿಲ್ಲ.

ಕುವೆಂಪು ಶ್ರೀರಾಮಾಯಣದರ್ಶನಂ ಪ್ರಕಟಿಸಿದ್ದು 1949ರಲ್ಲಿ. ನಾಗಚಂದ್ರನ ಪಶ್ಚಾತ್ತಾಪವನ್ನು ಅವರು ಮನಸ್ಸಿನ ಆಳಕ್ಕೆ ಇಳಿಸಿದರು. ‘ದಶಾನನ ಸ್ವಪ್ನಸಿದ್ಧಿ’ಯ ಭಾಗದಲ್ಲಿ ರಾವಣ ಕಾಣುವ ಕನಸಿನಲ್ಲಿ ಅವನೂ ಕುಂಭಕರ್ಣನೂ ಸೀತೆಯ ಮಡಿಲ ಅವಳಿ ಕೂಸುಗಳಾಗುತ್ತಾರೆ. ಕಾಮದಿಂದ ಕಂಡವಳು ತಾಯಾಗುತ್ತಾಳೆ. ಇಲ್ಲಿ ಜನ್ಮಾಂತರದ ಕಥೆ ಹಿಂದಕ್ಕೆ ತಿರುಗದೆ ಮುಂದಕ್ಕೆ ತಿರುಗಿದೆ: ಹಿಂದೆ ಯಾರಾಗಿದ್ದ ಎಂಬುದರಿಂದ ರಾವಣ ಉದ್ಧಾರವಾಗುವುದಿಲ್ಲ, ಮುಂದೆ ಯಾರ ಮಗನಾಗಬಯಸುತ್ತಾನೆ ಎಂಬುದರಿಂದ ಆಗುತ್ತಾನೆ. ಮಂಡೋದರಿಯ ಸಂಕಟ, ವಿಭೀಷಣನ ಮಗಳು ಅನಲೆಯ ಧೈರ್ಯ, ಸೀತೆಯ ತಪಸ್ಸು ಇವೆಲ್ಲ ಅವನ ಮೇಲೆ ಕೆಲಸ ಮಾಡುತ್ತವೆ. ಹೆಂಗಸರ ನೋವು ಇಲ್ಲಿ ಮೆಟ್ಟಿಲಾಗುವುದಿಲ್ಲ, ಅವನನ್ನು ತಿದ್ದುವ ಗುರುವಾಗುತ್ತದೆ. ರಾವಣನಂಥವನೂ ಪರಿವರ್ತನೆಗೆ ಹೊರತಲ್ಲ ಎಂಬ ಕುವೆಂಪು ಅವರ ನಂಬಿಕೆಯಲ್ಲಿ ಅತಿಯಾದ ಔದಾರ್ಯವಿದೆ ಎನ್ನುವವರಿದ್ದಾರೆ. ಕನಸೊಂದರಲ್ಲಿ ಇಷ್ಟೆಲ್ಲ ನಡೆದುಹೋಗುವುದು ಬೇಗವಾಯಿತು ಎಂಬ ಆಕ್ಷೇಪಕ್ಕೂ ಹುರುಳಿದೆ. ಆದರೆ ಪಾಪವನ್ನು ಪಾಪವೆಂದು ಒಪ್ಪಿಕೊಂಡವನಿಗೆ ಮಾತ್ರ ಆ ಕನಸು ಬೀಳುತ್ತದೆ. ವೈಕುಂಠದ ಹಳೆಯ ನೌಕರಿಯ ನೆಪ ಅವನಿಗೆ ಬೇಕಾಗಿಲ್ಲ.

ಜಯ-ವಿಜಯರ ಕಥೆಯನ್ನು ಕೈಬಿಡಬೇಕೆಂದು ಇದರಿಂದ ಸಿದ್ಧವಾಗುವುದಿಲ್ಲ. ದೇವರ ಸೃಷ್ಟಿಯಲ್ಲಿ ಕೆಡುಕು ಎಲ್ಲಿಂದ ಬಂತು ಎಂದು ಕಂಗೆಟ್ಟು ಕೇಳಿದವರಿಗೆ ಅದು ಕೊಟ್ಟ ಉತ್ತರ ಗಂಭೀರವಾದದ್ದು. ಒಡೆಯನೇ ಆಳಿನ ತಪ್ಪು ಹೊರುವ ಆ ದೃಶ್ಯ ಎಂದಿಗೂ ಹಳತಾಗುವುದಿಲ್ಲ. ಆದರೆ ಅದು ಸೃಷ್ಟಿಯ ಒಗಟಿಗೆ ಉತ್ತರ, ರಾವಣನ ಕೃತ್ಯಕ್ಕೆ ಸಮರ್ಥನೆಯಲ್ಲ. ಮೊದಲನೆಯದನ್ನು ಎರಡನೆಯದಾಗಿ ಬಳಸುವ ಪ್ರವಚನ, ಧಾರಾವಾಹಿ, ರಂಗಪ್ರಯೋಗಗಳು ಸೋಲುತ್ತವೆ. ಆ ಸೋಲನ್ನು ಹೊರುವವಳು ಪ್ರತಿಸಲವೂ ಸೀತೆಯೇ. ಈ ಅಳತೆಯಲ್ಲಿ ತೂಗಿದರೆ ವಿಷ್ಣುಪುರಾಣದ ಪರಾಶರ, ನಾಗಚಂದ್ರ ಮತ್ತು ಕುವೆಂಪು ಮುಂದೆ ನಿಲ್ಲುತ್ತಾರೆ. ಅಧ್ಯಾತ್ಮ ರಾಮಾಯಣ ಹಿಂದುಳಿಯುತ್ತದೆ.

ಪುರಾಣ ಹೇಳುವವರಲ್ಲಿ, ರಾವಣನ ಅರ್ಥ ಕಟ್ಟುವ ಕಲಾವಿದರಲ್ಲಿ ಒಂದು ಕೋರಿಕೆ. ಏಳನೆಯ ಬಾಗಿಲಿನ ಕಥೆಯನ್ನು ಅಗತ್ಯವಾಗಿ ಹೇಳಿ. ಜೊತೆಗೆ ಉತ್ತರಕಾಂಡದ ಹದಿನೇಳನೆಯ ಸರ್ಗವನ್ನೂ ಇಪ್ಪತ್ತಾರನೆಯ ಸರ್ಗವನ್ನೂ ಒಮ್ಮೆ ಓದಿ, ವೇದವತಿಗೂ ರಂಭೆಗೂ ಅದೇ ವೇದಿಕೆಯಲ್ಲಿ ಅಷ್ಟೇ ಹೊತ್ತು ಕೊಡಿ.